ರೈಲು ಹೋಗದ ಮಹಾಬಲಿಪುರ

ಚೆನ್ನೈಯಲ್ಲೇ ಹುಟ್ಟಿ ಬೆಳೆದು, ಇಲ್ಲಿಯ ವಿಮಾ ಕಚೇರಿಯೊಂದರಲ್ಲೇ ನಿವೃತ್ತಳಾದ ನಾನು ಮೊನ್ನೆ ಮೊನ್ನೆಯವರೆಗೂ ಮಹಾಬಲಿಪುರ ನೋಡಿರಲಿಲ್ಲ. ಹೀಗೆಂದರೆ ನೀವು ನನ್ನನ್ನು ಹೊಸಿಲು ದಾಟದ ಹೆಂಗಸೆಂದುಕೊಳ್ಳಬಹುದು. ಹಾಗೇನಿಲ್ಲ. ಕಾಶಿ ನೋಡಿದ್ದೇನೆ, ದ್ವಾರಕೆ ನೋಡಿದ್ದೇನೆ, ಗುವಾಹಟಿಯ ಕಾಮಾಖ್ಯೆಯ ದರ್ಶನ ಎರಡು ಸಲ ಆಗಿದೆ. ಮಹಾಬಲಿಪುರ ಮನೆಯಿಂದ ಒಂದೆರಡು ಗಂಟೆಯ ದಾರಿ. ಅದು ತಪ್ಪಿಹೋಗಿದ್ದಕ್ಕೆ ಕಾರಣ ಒಂದೇ: ಅಲ್ಲಿಗೆ ರೈಲಿಲ್ಲ.

ನಮ್ಮ ಯಜಮಾನರು ರೈಲ್ವೆಯವರು. ಹುಬ್ಬಳ್ಳಿಯಿಂದ ಕೆಲಸಕ್ಕೆಂದು ಮದರಾಸಿಗೆ ಬಂದು ಪುರಸೈವಾಕ್ಕಂನಲ್ಲಿ ಬೇರು ಬಿಟ್ಟರು. ಅವರ ಮಾತು ಮಾತ್ರ ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ರೈಲ್ವೆಯವರಿಗೆ ವರ್ಷಕ್ಕಿಷ್ಟು ಎಂದು ಪಾಸು ಸಿಗುತ್ತದೆ, ನಿವೃತ್ತರಾದ ಮೇಲೂ. ಇಂಥ ಊರಿನಿಂದ ಇಂಥ ಊರಿಗೆ, ಇಂಥ ದಾರಿಯಾಗಿ ಎಂದು ಬರೆಸಿಕೊಂಡರೆ ಹೋಗಿ ಬರಲು ಟಿಕೆಟ್ಟಿನ ಮಾತಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಇಳಿದು ಊರು ನೋಡಿ ಮತ್ತೆ ಹತ್ತಬಹುದು. ಈಗ ಅದು ಮೊಬೈಲಿಗೇ ಬರುತ್ತದಾದರೂ ಇವರು ಅಚ್ಚು ಹಾಕಿಸಿ, ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಅಂಗಿಯ ಒಳಜೇಬಿನಲ್ಲಿ ಎದೆಗೆ ತಾಗುವಂತೆ ಇಟ್ಟುಕೊಳ್ಳುತ್ತಾರೆ. ಹಿಂದಿನ ಪಾಸುಗಳಲ್ಲಿ ಅವರ ಹೆಸರಿನ ಪಕ್ಕದಲ್ಲಿ 'ಮತ್ತು ಪತ್ನಿ' ಎಂದಷ್ಟೇ ಇರುತ್ತಿತ್ತು. ಆ 'ಮತ್ತು' ನಾನು.

ಪಾಸು ಎಂಬ ಇಂಗ್ಲಿಷ್ ಪದದ ಬಗ್ಗೆ ನನ್ನದೇ ಒಂದು ಸಂಶೋಧನೆಯಿದೆ, ಪಂಡಿತರು ಮನ್ನಿಸಬೇಕು. ಕನ್ನಡದಲ್ಲಿ ಪಾಶ ಎಂದರೆ ಕುಣಿಕೆ, ಯಮಧರ್ಮರಾಯ ಕೈಯಲ್ಲಿ ಹಿಡಿದು ಬರುವಂಥದ್ದು. ಅದೇ ಪದ ತಮಿಳಿನಲ್ಲಿ ಪಾಸಂ ಆಗಿ ಅಕ್ಕರೆ ಎಂಬ ಅರ್ಥ ಪಡೆದಿದೆ. ನಮ್ಮ ಮನೆಯ ಪಾಸಿನಲ್ಲಿ ಎರಡೂ ಇವೆ. ಯಾವಾಗ ಯಾವುದು ಎಂದು ಹೇಳುವುದು ಕಷ್ಟ.

ಇವರ ಭೂಗೋಳದಲ್ಲಿ ಪಾಸು ಹೋಗದ ಊರು ಭೂಮಿಯ ಮೇಲೇ ಇಲ್ಲ. ಊರು ದೊಡ್ಡದೋ ಚಿಕ್ಕದೋ ಎಂಬುದು ಪ್ಲಾಟ್‌ಫಾರ್ಮಿನಿಂದ ತೀರ್ಮಾನವಾಗುತ್ತದೆ. ಮಧುರೆಯ ಬಗ್ಗೆ ಯಾರಾದರೂ ಕೇಳಿದರೆ ಮೀನಾಕ್ಷಿಗಿಂತ ಮೊದಲು ಅಲ್ಲಿಯ ವೆಯ್ಟಿಂಗ್ ರೂಮಿನ ವರ್ಣನೆ ಬರುತ್ತದೆ. ನಗಬೇಡಿ, ನಾನೂ ಕೆಟ್ಟಿದ್ದೇನೆ. ಕಚೇರಿಯಲ್ಲಿ ಗೆಳತಿಯೊಬ್ಬಳು ಮಗಳ ಲಗ್ನಪತ್ರಿಕೆ ಕೊಟ್ಟಾಗ ಹುಡುಗ ಯಾರು, ಏನು ಓದಿದ್ದಾನೆ ಎಂದು ಕೇಳುವುದು ಬಿಟ್ಟು, ಛತ್ರಕ್ಕೆ ಯಾವ ಸ್ಟೇಷನ್ ಹತ್ತಿರ ಎಂದು ಕೇಳಿದವಳು ನಾನು.

ಕಳೆದ ವರ್ಷ ಭೋಪಾಲದ ಕಡೆ ಹೋಗುವಾಗ ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನಾವು ಚೆನ್ನೈಯವರೆಂದು ತಿಳಿದದ್ದೇ ಅವಳ ಮುಖ ಅರಳಿತು. ಸಮುದ್ರದ ದಂಡೆಯಲ್ಲೇ ಕಲ್ಲಿನ ಗುಡಿಯಿದೆಯಂತಲ್ಲ, ಅಲೆ ಗೋಡೆಗೇ ಬಡಿಯುತ್ತದೆಯೇ, ಬೆಳಗಿನ ಬಿಸಿಲಿಗೆ ಹೇಗೆ ಕಾಣುತ್ತದೆ ಎಂದೆಲ್ಲ ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಇವರು ಅಲ್ಲಿಗೆ ಹತ್ತಿರದ ಸ್ಟೇಷನ್ನಾದ ಚೆಂಗಲ್ಪಟ್ಟಿಗೆ ಇರುವ ರೈಲುಗಳನ್ನೆಲ್ಲ ಹೊತ್ತಿನ ಸಮೇತ ಒಪ್ಪಿಸಿದರು. ಅವಳು ಕೇಳಿದ್ದು ಗುಡಿಯ ವಿಷಯ. ನಾಚಿಕೆಯಿಂದ ನಾನು ಕಿಟಕಿಯ ಕಡೆ ತಿರುಗಿ ನಿದ್ದೆ ಬಂದವಳಂತೆ ಕೂತೆ. ನನ್ನ ಮನೆಯ ಹಿತ್ತಿಲನ್ನು ಬೇರೆಯವರ ಬಾಯಲ್ಲಿ ಕೇಳಿ ತಿಳಿದಂತಾಗಿತ್ತು.

ಆ ವರ್ಷದ ಕೊನೆಗೆ ಒಂದು ಪಾಸು ಉಳಿದಿತ್ತು. ಡಿಸೆಂಬರ್ ಕಳೆದರೆ ಅದು ರದ್ದು. ಪಾಸು ರದ್ದಾಗುವುದೆಂದರೆ ಇವರಿಗೆ ಹಾಲು ಒಡೆದುಹೋದ ಹಾಗೆ. ಎಲ್ಲಿಗಾದರೂ ಸರಿ, ಹೋಗಿ ಬಂದುಬಿಡಬೇಕು. ನಾಗಪುರಕ್ಕೆ ಹೋಗೋಣ ಎಂದರು. ನಾಗಪುರದಲ್ಲಿ ಏನಿದೆ ಎಂದೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಲೈನ್ ಇದೆ ಎಂದರು. ನಾನು ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು, ಮಹಾಬಲಿಪುರ ನೋಡುವವರೆಗೆ ಇನ್ನು ಯಾವ ರೈಲೂ ಹತ್ತುವುದಿಲ್ಲ ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅಷ್ಟು ವರ್ಷ 'ಮತ್ತು' ಆಗಿದ್ದವಳು ವಾಕ್ಯದ ನಡುವೆ ಎದ್ದು ನಿಂತಿದ್ದೆ.

ಪೆರುಂಗುಡಿಯಲ್ಲಿ ಕೆಲಸ ಮಾಡುವ ನಮ್ಮ ಮಗಳಿಗೆ ಇದೊಂದು ಸಮಸ್ಯೆಯೇ ಅಲ್ಲ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಎಂದಿನಂತೆ ತಮಿಳಿನಲ್ಲಿ ಉತ್ತರಿಸಿದಳು: "ಅಪ್ಪಾ, ಕಾರ್‌ಲ ಒನ್ ಅವರ್ ದಾನ್." ಕಾರಿನಲ್ಲಾದರೆ ಒಂದೇ ಗಂಟೆಯಂತೆ. ಅವಳ ಕಚೇರಿಯ ಮುಂದಿನ ರಸ್ತೆಯ ಹೆಸರೇ ಮಹಾಬಲಿಪುರದ ರಸ್ತೆ. ಆದರೆ ಪಾಸು ಇಟ್ಟುಕೊಂಡು ಕಾರಿನಲ್ಲಿ ಹೋಗುವುದು ಇವರಿಗೆ ಮಡಿ ಕೆಟ್ಟ ಹಾಗೆ. ಪಾಸಿನಲ್ಲಿ ಬರೇ ಚೆಂಗಲ್ಪಟ್ಟಿಗೆ ಹೋಗುವುದೋ, ಅದು ಪಾಸಿಗೇ ಅವಮಾನ. ಎರಡು ದಿನ ಯೋಚಿಸಿ ಸಂಧಾನಸೂತ್ರ ಮುಂದಿಟ್ಟರು: ಕನ್ಯಾಕುಮಾರಿಗೆ ಪಾಸು ಬರೆಸುವುದು, ವಾಪಸು ಬರುವಾಗ ಚೆಂಗಲ್ಪಟ್ಟಿನಲ್ಲಿ ಇಳಿದುಕೊಳ್ಳುವುದು.

ಹೀಗೆ ಪಕ್ಕದ ಊರು ನೋಡಲು ನಾವು ದೇಶದ ತುದಿಗೆ ಹೊರಟೆವು. ಗಣಪತಿಗೂ ಷಣ್ಮುಖನಿಗೂ ಲೋಕ ಸುತ್ತುವ ಪಂದ್ಯವಾದಾಗ ಗಣಪತಿ ತಂದೆತಾಯಿಗೆ ಒಂದು ಸುತ್ತು ಬಂದು ಹಣ್ಣು ಗೆದ್ದನಲ್ಲ, ಆ ಜಾಣತನ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಇವರು ಷಣ್ಮುಖನ ಪಕ್ಷ. ನವಿಲಿಗೆ ಪಾಸಿತ್ತೇ ಎಂದು ಕೇಳಿಯಾರು. ಕನ್ಯಾಕುಮಾರಿಯಲ್ಲಿ ಮೂರು ಸಮುದ್ರ ಕೂಡುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ನಾಲ್ಕನೆಯದಕ್ಕೆ ಕಾಯುತ್ತಿದ್ದೆ.

ಬೆಳಿಗ್ಗೆ ಚೆಂಗಲ್ಪಟ್ಟಿನಲ್ಲಿ ಇಳಿದು ಬಸ್ಸು ಹತ್ತಿದೆವು. ಸ್ಟೇಷನ್ ಮರೆಯಾದ ಹಾಗೆ ಇವರ ಮುಖ ಚಿಕ್ಕದಾಯಿತು. ಕಂಡಕ್ಟರ್ ಬಂದು ಕೈ ಚಾಚಿದ. ಟಿಕೆಟ್ ಕೇಳಿದವರಿಗೆ ಇವರು ಇಡೀ ಜೀವಮಾನ ಕೊಟ್ಟ ಉತ್ತರ ಒಂದೇ. ಅಭ್ಯಾಸಬಲದಿಂದ ಗತ್ತಿನಲ್ಲೇ "ಸ್ಟಾಫ್" ಎಂದರು. ಬಸ್ಸಿನವರಲ್ಲೂ ಆ ಪದ್ಧತಿ ಉಂಟಲ್ಲ, ಕಂಡಕ್ಟರ್ ಗೌರವದಿಂದ "ಎಂದ ಡಿಪೋ ಸಾರ್?" ಎಂದು ಕೇಳಿದ. ಯಾವ ಡಿಪೋ ಎಂದು ಹೇಳಲಿ ಪಾಪ. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಕೊನೆಗೆ ಇವರು ಜೇಬು ತಡಕಿ ಎರಡು ಟಿಕೆಟ್ ಕೊಡಪ್ಪ ಎಂದರು. ಒಂದು ಸಾಕು ಎಂದ ಕಂಡಕ್ಟರ್. ಈ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ.

ಇವರು ನನ್ನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ನಾನು ಯಾರ ಹೆಂಡತಿ ಎಂದು ಕೇಳದೆ ನನ್ನನ್ನು ಒಬ್ಬರು ಕರೆದುಕೊಂಡು ಹೋಗುತ್ತಿದ್ದರು, ಇವರು ದುಡ್ಡು ಕೊಟ್ಟು ನನ್ನ ಪಕ್ಕ ಕೂತಿದ್ದರು. ಸಂತೋಷಕ್ಕೆ ಕಿಟಕಿಯ ಗಾಳಿಯೂ ಬೇರೆ ಥರ ಬೀಸಿದಂತಿತ್ತು.

ಮಹಾಬಲಿಪುರದಲ್ಲಿ ಬಂಡೆಯ ಮೇಲೆ ಕೊರೆದ ಆನೆಗಳ ಮುಂದೆ ನಿಂತೆ. ಆನೆಯ ಕಾಲ ಬಳಿ ಒಂದು ಬೆಕ್ಕು ಋಷಿಗಳಂತೆ ಕೈಯೆತ್ತಿ ತಪಸ್ಸಿಗೆ ನಿಂತಿದೆ, ಸುತ್ತ ಇಲಿಗಳು. ಇವರಿಗೆ ತೋರಿಸಿ ನಕ್ಕೆ, ಇವರೂ ನಕ್ಕರು. ಆಮೇಲೆ ಸಮುದ್ರದ ಗುಡಿ. ಉಪ್ಪುಗಾಳಿಗೆ ಸವೆದು ಮುಖವಿಲ್ಲದ ನಂದಿಗಳನ್ನು ನೋಡುತ್ತ ನನಗೆ ಯಾಕೋ ಕಣ್ಣು ತುಂಬಿತು. ಇಷ್ಟು ಚೆಂದದ್ದು ಇಷ್ಟು ಹತ್ತಿರದಲ್ಲೇ ಇತ್ತು.

ಮರಳಿನ ಮೇಲೆ ಕೂತೆವು. ನನ್ನ ಕಣ್ಣೀರನ್ನು ಇವರು ಏನೆಂದು ತಿಳಿದರೋ, ಮೆಲ್ಲಗೆ ಹೇಳಿದರು: "ನೀ ಚಿಂತಿ ಮಾಡಬ್ಯಾಡ. ನಾ ಹೋದಮ್ಯಾಲೂ ನಿನಗ ಪಾಸ್ ಬರ್ತದ. ಅರ್ಧ ಬರ್ತದ, ಆದ್ರ ಬರ್ತದ."

ರೈಲ್ವೆಯವರ ವಿಧವೆಯರಿಗೆ ಹಾಗೊಂದು ಅನುಕೂಲವಿದೆ, ನನಗೂ ಗೊತ್ತು. ಇವರಿಗೆ ಗೊತ್ತಿರುವ ಅತ್ಯಂತ ಮೃದುವಾದ ಮಾತು ಅದು ಎಂಬುದೂ ಗೊತ್ತು. ನಗಬೇಕೋ ಅಳಬೇಕೋ ತಿಳಿಯದೆ, "ಇಲ್ಲಿಗೆ ನನಗೆ ಪಾಸೇ ಬೇಡ ರೀ. ನೀವು ಬೇಕು, ಅಷ್ಟೇ," ಎಂದೆ.

ಇವರು ಒಳಜೇಬಿನ ಪಾಸನ್ನು ಅಂಗಿಯ ಮೇಲಿನಿಂದಲೇ ಮುಟ್ಟಿ ನೋಡಿಕೊಂಡರು. ನಂತರ, "ಹಂಗಾದ್ರ ಮುಂದಿನ ತಿಂಗಳ ಮತ್ತ ಬರೋಣು. ಟಿಕೆಟ್ ನಾ ತಗೋತೀನಿ," ಎಂದರು.

ತೆಗೆದುಕೊಳ್ಳಬೇಕಾದದ್ದು ಅವರೊಬ್ಬರ ಟಿಕೆಟ್ಟು ಮಾತ್ರ. ಆದರೂ ಮದುವೆಯಾದಾಗಿನಿಂದ ಯಾರೂ ನನಗಾಗಿ ಇಷ್ಟು ಖರ್ಚು ಮಾಡಿರಲಿಲ್ಲ.