ಅಮಾವಾಸ್ಯೆಯ ಅರ್ಧ ಬೆರಳು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಹಂಡೆ ತಾಮ್ರದ್ದು ಎಂದು ನನ್ನ ಕಣ್ಣು ಹೇಳುತ್ತದೆ. ಕಾಕಾನ ಮನೆಯಲ್ಲಿದ್ದದ್ದು ಹಿತ್ತಾಳೆಯ ಹಂಡೆ ಎಂದು ಅವ್ವ ಈಗಲೂ ವಾದಿಸುತ್ತಾಳೆ. ಆ ಬೇಸಿಗೆಯ ನನ್ನ ದಿನಚರಿಯಲ್ಲಿ ಅದರ ಮಾತೇ ಇಲ್ಲ. ಇರುವುದು ಮೂರು ಸಾಲು. "ಹಂಡೆ ಅರ್ಧ ಬೆರಳು, ಕೊಳ ಒಂದೂವರೆ." ಮರುದಿನವೂ ಅದೇ. ಮೂರನೆಯ ದಿನ, "ಎರಡೂ ಅರ್ಧ." ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಪೆನ್ನಿನ ಒತ್ತು ಹಿಂದಿನ ಹಾಳೆಯಲ್ಲೂ ಮೂಡಿದೆ. ಅಷ್ಟನ್ನಂತೂ ನಂಬಬಹುದು.

ತೊಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬ್ಯಾಡಗಿಯ ಕಾಕಾನ ಮನೆಗೆ ಬಂದಿದ್ದೆ. ಕಾಕಾ ಮೆಣಸಿನಕಾಯಿ ವ್ಯಾಪಾರಿ. ಹಿತ್ತಲಿನ ಗೋಡೆಗೆ ಅಂಟಿಕೊಂಡೇ ಅವನ ಗೋದಾಮು. ಆ ಹಿತ್ತಲಲ್ಲಿ ಅವನು ಈಜುಕೊಳ ಕಟ್ಟಿಸಿದ್ದ. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಮಗುವಿನ ಎದೆಮಟ್ಟದ ನೀರು. ಎಂಟು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ನೀಲಿ ಟೈಲ್ಸಿನ ಮೇಲೆ ಅಷ್ಟು ನೀರು ಸುಮ್ಮನೆ ನಿಂತಿರುವುದನ್ನು ಮೊದಲ ಸಲ ಕಂಡಾಗ ನಾನು ಚಪ್ಪಲಿ ಬಿಟ್ಟು ನಿಂತಿದ್ದೆ. ಗುಡಿಯೇನೂ ಅಲ್ಲ ಅದು. ಕಾಲು ತಾನಾಗಿ ಬಿಟ್ಟಿತು.

ಕೊಳ ಬೇಕಾದದ್ದು ಕಾಕಾನ ಮಗಳಿಗೆ. ಒಂಬತ್ತು ವರ್ಷದ ಆ ನನ್ನ ತಂಗಿಗೆ ಪೋಲಿಯೋದಿಂದ ಎಡಗಾಲು ಸೋತಿತ್ತು. ದಿನಾಲೂ ನೀರಿನಲ್ಲಿ ನಡೆಸಿರಿ, ಇನ್ನು ತಡಮಾಡಬೇಡಿರಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಬೋರ್‌ವೆಲ್ಲಿನಿಂದ ನೀರು ತುಂಬಿಸಿ ಹತ್ತು ದಿನವಾಗಿತ್ತು. ಆದರೆ ಅವಳಿನ್ನೂ ಇಳಿದಿರಲಿಲ್ಲ, ಏಕೆಂದರೆ ನೀರು ಇಳಿಯುತ್ತಿತ್ತು. ಕೊಳ ಸೋರಿ ಗೋದಾಮಿಗೆ ತಂಪು ಹಿಡಿದರೆ ಚೀಲಗಟ್ಟಲೆ ಕಾಯಿಗೆ ಬೂಷ್ಟು ಬರುತ್ತದೆ. ಕಾಕಾನ ಭಯ ಅದು.

ಗುತ್ತಿಗೆ ಹಿಡಿದವರು ರಾಣೆಬೆನ್ನೂರಿನ ಒಬ್ಬ ಮೇಸ್ತ್ರಿ. ಬಿಳಿ ಗಡ್ಡ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ಲು. ಅವತ್ತು ಅವರೂ ಕಾಕಾನೂ ಕೊಳದ ದಂಡೆಯಲ್ಲಿ ನಿಂತು ಜಗಳಾಡಿದರು.

"ತಳಾ ಒಡೀರಿ ಮೇಸ್ತ್ರಿ. ಹೊಸದಾಗಿ ಹಾಕ್ರಿ."

"ಒಡದ್ರ ಮಳಿಗಾಲ ಮುಗಿಯೂತನಕ ಕೂಸಿಗೆ ನೀರಿಲ್ಲ ನೋಡ್ರಿ ಸಾವಕಾರ್ರ. ಮಸೂತಿ ಹೌಜು ಕಟ್ಟೇನಿ, ಗುಡಿ ಹೊಂಡ ಕಟ್ಟೇನಿ. ಒಂದ ಹನಿ ಸೋರಿಲ್ಲ."

"ಹಂಗಾರ ಕದರಮಂಡಲಗಿ ಹನಮಪ್ಪನ ಮುಂದ ಆಣಿ ಮಾಡ್ತೀರೇನು?"

"ಮಾಡ್ತೇನ್ರಿ. ಆದ್ರ ಇಷ್ಟಕ್ಕ ಹನಮಪ್ಪಗ ಯಾಕ ತ್ರಾಸು? ನೀರನ್ನ ಕೇಳೂಣು."

ಮೇಸ್ತ್ರಿ ಕಾಕಾನ ಹೆಂಡತಿ ಚಿಗವ್ವನಿಂದ ಒಂದು ಹಂಡೆ ಇಸಿದುಕೊಂಡರು. ಅದರ ತುಂಬ ನೀರು ಹಾಕಿ ಕೊಳದ ಎರಡನೆಯ ಮೆಟ್ಟಿಲ ಮೇಲೆ, ಅರ್ಧ ಮುಳುಗುವಂತೆ ಇಟ್ಟರು. ಹಂಡೆಯ ಒಳಗೊಂದು, ಕೊಳದ ಗೋಡೆಗೊಂದು, ನೀರಿನ ಮಟ್ಟಕ್ಕೆ ಕೆಂಪು ಪೇಂಟಿನ ಗೆರೆ ಎಳೆದರು. ಬಿಸಿಲು ಎರಡಕ್ಕೂ ಒಂದೇ, ಗಾಳಿಯೂ ಒಂದೇ. ಹಂಡೆಯ ನೀರು ಹೋಗುವುದು ಆಕಾಶಕ್ಕೆ ಮಾತ್ರ. ಕೊಳದ್ದು ಅದಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಖರೆ. ಮೂರು ದಿನ ನೋಡಬೇಕು.

ಎರಡು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿದ ನನಗೆ ಅಷ್ಟು ಸರಳವಾಗಿ ಯಾರೂ ಆಕಾಶವನ್ನು ಅಳೆದು ತೋರಿಸಿರಲಿಲ್ಲ. ನಾನು ಬಾಯಿ ತೆರೆದು ನೋಡುತ್ತಿದ್ದೆನೇನೋ. "ಎಂ.ಎ. ಓದಾಕತ್ತಾಳ, ಅಕೀನ ಬರಕೊಳ್ಳಲಿ" ಎಂದ ಕಾಕಾ.

ಮೊದಲ ದಿನ ಬೆಳಿಗ್ಗೆ ಏಳಕ್ಕೆ ಬೆರಳಿಟ್ಟು ಅಳೆದೆ. ಹಂಡೆ ಅರ್ಧ ಬೆರಳು, ಕೊಳ ಒಂದೂವರೆ. ಎರಡನೆಯ ಬೆಳಿಗ್ಗೆಯೂ ಅಷ್ಟೇ ಇಳಿದಿತ್ತು. ಕಾಕಾ ಗೆದ್ದವನಂತೆ ಮೇಸ್ತ್ರಿಯ ಕಡೆ ನೋಡಿದ. ಅವರು ಬಗ್ಗಿ ತಳದ ಟೈಲ್ಸುಗಳನ್ನು ಒಂದೊಂದಾಗಿ ಕಣ್ಣಿನಲ್ಲೇ ಎಣಿಸುತ್ತಿದ್ದರು. ನಾಡಿದ್ದು ತಳ ಒಡೆಯುವುದು ಎಂದು ನಿಶ್ಚಯವಾಯಿತು. ತಂಗಿ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಒಂದು ಬೆರಳು ತಾಗಿಸಿ ತೆಗೆದಳು. ಅಳಲಿಲ್ಲ.

ಮೂರನೆಯ ದಿನ ಅಮಾವಾಸ್ಯೆ. ಹಂಡೆ ಅರ್ಧ ಬೆರಳು ಇಳಿದಿತ್ತು. ಕೊಳವೂ ಅರ್ಧ ಬೆರಳು. ತಪ್ಪಿದೆನೆಂದು ಮತ್ತೆ ಅಳೆದೆ, ಮತ್ತೊಮ್ಮೆ ಅಳೆದೆ.

ಮೇಸ್ತ್ರಿ ತಾವೇ ಬೆರಳಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಸಾವಕಾರ್ರ, ಸೋರು ನೀರಿಗೂ ಅಮಾಸಿ ಸೂಟಿ ಇರತೈತೇನ್ರಿ?"

ನಮ್ಮ ಮನೆಯ ಸುತ್ತ ಅಮಾವಾಸ್ಯೆಗೆ ರಜೆ ಇದ್ದದ್ದು ಗೋದಾಮಿಗೆ. ದಿನಾ ನಸುಕಿನಲ್ಲೇ ಬಂದು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಇಪ್ಪತ್ತೈದು ಹೆಂಗಸರು ಅಂದು ಬಂದಿರಲಿಲ್ಲ. ಆಗ ನನಗೆ ನೆನಪಾಯಿತು. ಗೋದಾಮಿನ ಗೋಡೆಯ ಉದ್ದಕ್ಕೂ ಬಟ್ಟೆ ಮುಚ್ಚಿದ ಕೊಡಗಳ ಸಾಲನ್ನು ನಾನು ದಿನವೂ ಕಂಡಿದ್ದೆ. ಸಂಜೆ ಅವನ್ನು ಹೊತ್ತು ಅವರು ಮನೆಗೆ ಹೋಗುವುದನ್ನೂ ಕಂಡಿದ್ದೆ. ಕಂಡದ್ದನ್ನು ಯೋಚಿಸಿರಲಿಲ್ಲ. ಸಂಜೆಯೂ ಒಮ್ಮೆ ಅಳೆದಿದ್ದರೆ, ನೀರು ಇಳಿಯುವುದು ಹಗಲಿನಲ್ಲಲ್ಲ, ನಸುಕಿನಲ್ಲಿ ಎಂದು ಮೊದಲ ದಿನವೇ ತಿಳಿಯುತ್ತಿತ್ತು.

ಮರುದಿನ ಹೆಂಗಸರು ಬಂದಾಗ ಕಾಕಾ ಅವರಲ್ಲಿ ಹಿರಿಯಳನ್ನು ಕರೆದ. ಆಕೆ ಸೆರಗು ಸರಿಮಾಡಿಕೊಂಡು ನೇರವಾಗಿ ಹೇಳಿದಳು.

"ಹೌದ್ರಿ ಯಪ್ಪಾ, ಒಬ್ಬೊಬ್ಬರು ಒಂದೊಂದ ಕೊಡಾ ತುಂಬಕೊಂಡೇವಿ. ಇಷ್ಟೂ ನೀರಾಗ ಒಂದ ಕೂಸು ಅಡ್ಡಾಡ್ತೈತಿ ಅಂದ್ರು. ಒಂದೀಟು ಯಾರರ ಕುಡೀಲೂ ಬೇಕಲ್ರಿ?"

ಮೇಸ್ತ್ರಿ ನಕ್ಕರು. "ಮತ್ತ ಹಂಡೇದಾಗಿಂದು ಯಾಕ ಮುಟ್ಟಲಿಲ್ಲ ನಮ್ಮವ್ವಾ?"

"ಮುಟ್ಟತಾರೇನ್ರಿ! ಗಂಗವ್ವನ ಪೂಜಿಗೆ ಇಟ್ಟದ್ದು ಅದು. ನಾವೆಲ್ಲಾ ಕೈ ಮುಗದ ನೀರ ತುಂಬಿದ್ವಿ."

ಮೇಸ್ತ್ರಿಯ ಪೇಂಟಿನ ಗೆರೆಯನ್ನು ಅವರು ಕುಂಕುಮವೆಂದು ತಿಳಿದಿದ್ದರು. ಹಂಡೆಗೆ ಕೈಮುಗಿದದ್ದರಿಂದಲೇ ಆ ಪರೀಕ್ಷೆ ಕೆಡದೆ ಉಳಿಯಿತು. ಹಂಡೆಗೆ ಒಂದು ತಂಬಿಗೆ ತಾಗಿದ್ದರೂ ಲೆಕ್ಕವೇ ಕೆಟ್ಟು, ನೀರು ಎಲ್ಲಿಗೆ ಹೋಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

"ಬಾಗಲಾ ಹೆಂಗ ತಗದ್ರಿ?" ಎಂದು ಕಾಕಾ ಕೇಳಿದ. ಹಿತ್ತಲಿನಿಂದ ಗೋದಾಮಿಗೆ ಹೋಗುವ ಬಾಗಿಲಿನ ಚಿಲಕ ಇದ್ದದ್ದು ನಮ್ಮ ಕಡೆಗೆ. "ತೆರದ ಇರತಿತ್ರಿ" ಎಂದಳು ಆಕೆ, ಅಷ್ಟೇ.

ಕಾಕಾ ತಪ್ಪಾಯಿತು ಎಂದು ಬಾಯಿಂದ ಹೇಳುವ ಮನುಷ್ಯನಲ್ಲ. "ಮೇಸ್ತ್ರಿ, ಒಡಿಯೂದು ಬ್ಯಾಡ. ಗ್ವಾಡಿ ಆಚಿಕಡೆ ಒಂದ ತೊಟ್ಟಿ ಕಟ್ಟಕೊಡ್ರಿ, ಬೋರಿನ ಪೈಪ್ ಅಲ್ಲೀಮಟ ಎಳಿಯೂಣು" ಎಂದ.

"ಕಟ್ತೇನ್ರಿ. ಮೊದಲ ಕೂಸು ಇಳೀಲಿ."

ಕಾಕಾ ಧೋತರವನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ ಮಗಳನ್ನು ಎತ್ತಿಕೊಂಡು ಇಳಿದ. ತೊಟ್ಟು ಬಿಡಿಸುವುದನ್ನು ಬಿಟ್ಟು ಹೆಂಗಸರೆಲ್ಲ ಬಾಗಿಲಲ್ಲಿ ನಿಂತರು. ಅವರ ಸೀರೆಯ ಘಾಟಿಗೆ ಮೇಸ್ತ್ರಿ ಸೀನಿದರು. ಕಾಕಾ ಮೆಲ್ಲಗೆ ಕೈ ಬಿಟ್ಟ. ತಂಗಿ ಎದೆಮಟ್ಟ ನೀರಿನಲ್ಲಿ ಒಬ್ಬಳೇ ನಿಂತಳು, ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಆಮೇಲೆ ತಿರುಗಿ ಹೇಳಿದಳು.

"ಅಪ್ಪಾ, ಎರಡೂ ಕಾಲು ಒಂದ ತೂಕ ಆಗ್ಯಾವು."

ಅವಳ ಆ ಮಾತನ್ನು ನಾನು ಬರೆದಿಟ್ಟಿಲ್ಲ. ಆದರೂ ಅದು ತಪ್ಪಿರಲಾರದು. ಅಂಥದ್ದನ್ನು ಕಲ್ಪಿಸುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಉಳಿದ ನೀಲಿ ಟೈಲ್ಸುಗಳನ್ನೇ ಹಚ್ಚಿ ಮೇಸ್ತ್ರಿ ಹೊರಗಿನ ತೊಟ್ಟಿ ಕಟ್ಟಿದರು. ಗೋಡೆಯ ಆಚೆಗೆ ಕೊಳದ್ದೇ ಒಂದು ತುಂಡು ಹಾರಿ ಬಿದ್ದಂತೆ ಕಾಣುತ್ತಿತ್ತು.

ಅಂದು ಚಿಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅವಳೇ. ಚಿಲಕದ ವಿಷಯ ಬಂದಾಗ ಅವಳು ಬಾಯಿ ಬಿಡಲಿಲ್ಲ. ಮೇಸ್ತ್ರಿ ಸೋತು ಟೈಲ್ಸು ಎಣಿಸುತ್ತಿದ್ದಾಗಲೂ, ಮಗಳು ಬೆರಳು ಅದ್ದಿ ತೆಗೆದಾಗಲೂ ಸುಮ್ಮನಿದ್ದಳು. ನಾನು ಅವಳ ಮೇಲೆ ಇಲ್ಲದ್ದನ್ನು ಹೊರಿಸುತ್ತಿರಬಹುದು. ಅದಕ್ಕೇ ಹೋದ ವರ್ಷ, ಅವಳ ಪಕ್ಕದಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಾ ಕೇಳಿಯೇಬಿಟ್ಟೆ. ಅವಳು ಕಾಯಿ ಬಿಡಿಸುತ್ತಲೇ ಇದ್ದಳು. ನಾನು ಕೇಳಿದ್ದು ಇಷ್ಟು.

"ಚಿಗವ್ವಾ, ಆ ಅಮಾಸಿ ನಡುವ ಬರಲಾರದ, ಮೇಸ್ತ್ರಿ ಸುತ್ತಿಗಿ ಎತ್ತಿದ್ದರ, ನೀ ಬಾಯಿ ಬಿಡ್ತಿದ್ದೇನು?"