ಬುಟ್ಟಿಯಿಂದ ಉರುಳಿದ ಬೀಜ

ಸೆಲ್ವಿನ್‌ನಿಗೆ ಮಾತೇ ಬಂಡವಾಳ. ಕಬ್ಬು ಕಡಿದ, ರೈಲುಹಳಿ ರಿಪೇರಿ ಮಾಡಿದ, ಎಲ್ಲೂ ನೆಲೆ ನಿಲ್ಲಲಿಲ್ಲ. ಕೊನೆಗೆ ತನ್ನ ಅಜ್ಜಂದಿರ ಕಾಡಿನಲ್ಲೇ ಪ್ರವಾಸಿಗರನ್ನು ಸುತ್ತಾಡಿಸುವ ಕೆಲಸ ಸಿಕ್ಕಿ ಬೇರು ಬಿಟ್ಟ. ಕ್ವೀನ್ಸ್‌ಲ್ಯಾಂಡಿನ ಆ ಮಳೆಕಾಡಿನಲ್ಲಿ ಯಾವ ಎಲೆ ಉಜ್ಜಿದರೆ ಸೋಪಿನ ನೊರೆ ಬರುತ್ತದೆ, ಯಾವುದು ಸೋಕಿದರೆ ತಿಂಗಳುಗಟ್ಟಲೆ ಉರಿಯುತ್ತದೆ ಎಂಬುದನ್ನೆಲ್ಲ ನಗಿಸುತ್ತಲೇ ಹೇಳುತ್ತಿದ್ದ. ಜನ ನಕ್ಕರೆ ಅವನಿಗೆ ಹೊಟ್ಟೆ ತುಂಬಿದಂತೆ. ಆ ಚಟವೇ ಮುಳುವಾಯಿತು.

ಮೂಲನಿವಾಸಿಗಳಾದ ಅವನ ಜನರಲ್ಲಿ ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಮಾತಾಡಿಸುವಂತಿಲ್ಲ. ಭಯಕ್ಕಲ್ಲ, ಮರ್ಯಾದೆಗೆ. ಮದುವೆಯಾದಂದಿನಿಂದ ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಅತ್ತೆ ಮುಂಬಾಗಿಲಲ್ಲಿ ಕೂತಿದ್ದರೆ ಇವನದು ಹಿತ್ತಲ ಬಾಗಿಲು. ಹೇಳಲೇಬೇಕಾದದ್ದಿದ್ದರೆ ಮುದುಕಿ ತನ್ನ ನಾಯಿಗೆ ಹೇಳುತ್ತಿದ್ದಳು, ಇವನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.

"ಬಿಸ್ಕೆಟ್, ಒಬ್ರು ಬೆಳಗ್ಗಿಂದ ಏನೂ ತಿಂದಿಲ್ಲ ಕಣೋ. ಒಲೆ ಮೇಲೆ ಮೀನಿದೆ."

ಸೆಲ್ವಿನ್ ಗೋಡೆ ನೋಡಿಕೊಂಡು ನಗುತ್ತಿದ್ದ, ಹೋಗಿ ತಿನ್ನುತ್ತಿದ್ದ. ತಾಯಿಯಿಲ್ಲದೆ ಬೆಳೆದವನಿಗೆ ಆ ನಾಯಿಯ ನೆಪದಲ್ಲಿ ಸಿಕ್ಕಷ್ಟು ಅಕ್ಕರೆ ಬೇರೆಲ್ಲೂ ಸಿಕ್ಕಿರಲಿಲ್ಲ.

ಅವತ್ತಿನ ಗುಂಪು ಭಾರಿ ಹುರುಪಿನದು. ಕಾಡುದಾರಿಯ ತಿರುವಿನಲ್ಲಿ ಮರದಡಿ ಅತ್ತೆ ಕೂತು ಬೀಜ ಆರಿಸುತ್ತಿದ್ದಳು. ಹೊಳೆಯಲ್ಲಿ ನೆನೆಹಾಕಿ ವಿಷ ಬಿಡಿಸಿ ತಿನ್ನುವ ದಪ್ಪ ಬೀಜಗಳವು. ಸೆಲ್ವಿನ್ ತಟ್ಟನೆ ಬೆನ್ನು ತಿರುಗಿಸಿದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಯಾಕ್ರೀ, ಹಾವೇನಾದ್ರೂ ಇದ್ಯಾ?" ಎಂದು ಸಿಡ್ನಿಯಿಂದ ಬಂದ ಗಂಡಸೊಬ್ಬ ಕೇಳಿದ.

"ಅದಕ್ಕಿಂತ ಜೋರು. ನಮ್ಮತ್ತೆ," ಎಂದ ಸೆಲ್ವಿನ್. ಎಲ್ಲರೂ ಘೊಳ್ಳೆಂದು ನಕ್ಕರು. ನಗು ಕೇಳಿದ್ದೇ ತಡ, ಅವನ ನಾಲಿಗೆ ಹಿಡಿತ ತಪ್ಪಿತು. "ನಮ್ಮಲ್ಲಿ ಅವ್ರ ಮುಖ ನೋಡೋ ಹಾಗಿಲ್ಲ. ನೋಡ್ಲಾ?"

"ನೋಡ್ರೀ, ನಾವಿದ್ದೀವಿ."

ಅವನು ತಿರುಗಿ, ಮುದುಕಿಯ ಮುಖವನ್ನು ನೆಟ್ಟಗೆ ನೋಡಿ, "ಏನತ್ತೆ, ಚೆನ್ನಾಗಿದ್ದೀರಾ?" ಎಂದುಬಿಟ್ಟ.

ಚಪ್ಪಾಳೆ ಬಿತ್ತು. ತಲೆವಸ್ತ್ರ ಎಳೆದು ಮುಖ ಮುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಅವಳ ಬುಟ್ಟಿ ಮಗುಚಿತು. ಅಳಿಯ ಎದುರಿಗಿರುವವರೆಗೆ ಅವಳು ಮುಸುಕು ತೆಗೆದು ಬೀಜ ಆಯ್ದುಕೊಳ್ಳುವಂತಿಲ್ಲ. ಅದು ಗೊತ್ತಿದ್ದೂ ಸೆಲ್ವಿನ್ ಕಾಲಬುಡಕ್ಕೆ ಉರುಳಿಬಂದ ಒಂದು ಬೀಜ ಎತ್ತಿ ಹಿಡಿದು, ವಿಷ ತೆಗೆಯುವ ಬಗೆಯನ್ನು ವಿವರಿಸುತ್ತ ನಿಂತ. ಅವಳು ಮುಸುಕಿನೊಳಗೆ ಅಲುಗಾಡದೆ ಕೂತಿದ್ದಳು.

ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಡೆಸ್ಲಿ ಕೂಗಾಡಲಿಲ್ಲ.

"ಬಂದವ್ರ ಮುಂದೆ ನಮ್ಮಮ್ಮನ್ನ ಆಟದ ಗೊಂಬೆ ಮಾಡಿದ್ಯಂತೆ."

"ತಮಾಷೆಗೆ ಕಣೇ."

"ಹೌದಾ? ಏನು ತಮಾಷೆ ಅಂತ ನಂಗೂ ಹೇಳು, ನಾನೂ ನಗ್ತೀನಿ."

ಮಾತಿನ ಮಲ್ಲನಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬಹುದು ಎನ್ನಿಸಿತು. ಕ್ಷಮೆ ಕೇಳೋಣವೆಂದರೆ ಅದಕ್ಕೂ ಅತ್ತೆಯನ್ನು ಮಾತಾಡಿಸಬೇಕು, ಮತ್ತದೇ ತಪ್ಪು. ಹೆಂಡತಿಯ ಬಾಯಲ್ಲಿ ಹೇಳಿಸೋಣವೆಂದರೆ, "ಮಾಡಿದ್ದು ನೀನು, ನಾನ್ಯಾಕೆ ಹೇಳ್ಲಿ?" ಎಂದಳು. ಮುದುಕಿ ಎಂದಿನಂತೆ ಮನೆಗೆ ಬಂದು ಹೋಗುತ್ತಿದ್ದಳು. ಆದರೆ ನಾಯಿಯೊಡನೆ ಮಾತು ನಿಂತಿತ್ತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ಒಲೆಯ ಮೇಲೆ ಮೀನಿರುವುದು ಕಣ್ಣಿಗೆ ಕಾಣುತ್ತಿದ್ದರೂ ತಾನೇ ಬಡಿಸಿಕೊಳ್ಳಲು ಅವನಿಗೆ ನಾಚಿಕೆ. ಉಂಡದ್ದೂ ಮೈಗೆ ಹತ್ತಲಿಲ್ಲ.

ಕೆಲವು ವಾರ ಕಳೆದು, ಅದೇ ತಿರುವು. ಹಿಂದೆ ಹೊಸ ಗುಂಪು, ಮುಂದೆ ಅದೇ ಮರದಡಿ ಅತ್ತೆ, ಪಕ್ಕದಲ್ಲಿ ಅವಳ ನಾಯಿ. ಸೆಲ್ವಿನ್ ದಾರಿ ಬಿಟ್ಟಿಳಿದು, ಒಂದು ಮರದ ಬೊಡ್ಡೆಗೆ ಮುಖ ಒತ್ತಿ ನಿಂತ.

"ಏನಾಯ್ತ್ರೀ? ಇದೂ ಟೂರಲ್ಲಿ ಸೇರಿದ್ಯಾ?" ಎಂದು ಯಾರೋ ನಕ್ಕರು.

ತಕ್ಕ ಉತ್ತರ ನಾಲಿಗೆಯ ತುದಿಗೆ ಬಂತು. ಅವನು ನುಂಗಿಕೊಂಡ. ನಗು ತಾನಾಗಿಯೇ ಸತ್ತಿತು. ಇರುವೆಗಳು ಕುತ್ತಿಗೆ ಹತ್ತಿದವು. ಮುದುಕಿ ಅವಸರ ಮಾಡಲಿಲ್ಲ. ಬುಟ್ಟಿ ತುಂಬುವವರೆಗೂ ಆರಿಸಿ, ಆಮೇಲೆ ಎದ್ದು, ಅವನ ಬೆನ್ನ ಹಿಂದೆ ಬಂದು ನಿಂತಳು.

"ಬಿಸ್ಕೆಟ್," ಎಂದಳು. "ಅವತ್ತು ಒಬ್ರು ಎತ್ಕೊಂಡ ಬೀಜ ನಂದು ಕಣೋ."

ಆ ಬೀಜ ಇನ್ನೂ ಅವನ ಚೀಲದಲ್ಲಿತ್ತು. ಅಂದಿನಿಂದ ಪ್ರತಿ ಗುಂಪಿಗೂ ಅವನು ತೋರಿಸುತ್ತಿದ್ದದ್ದು ಅದನ್ನೇ. ಅದನ್ನು ಅತ್ತೆಗೆ ಹಿಂದಿರುಗಿಸಬೇಕು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಸೆಲ್ವಿನ್‌ನ ಕಿವಿ ಬಿಸಿಯಾಯಿತು. ಚೀಲಕ್ಕೆ ಕೈಹಾಕಿ ಬೀಜ ತೆಗೆದು, ತಿರುಗದೆಯೇ ಹಿಂದಕ್ಕೆ ಚಾಚಿ ನೆಲದ ಮೇಲಿಟ್ಟ. ಅದು ಬುಟ್ಟಿಗೆ ಬಿದ್ದ ಸದ್ದು ಕೇಳಿದ ಮೇಲೂ ಬಹಳ ಹೊತ್ತು ಅವನು ಮರದಿಂದ ಮುಖ ತೆಗೆಯಲಿಲ್ಲ.