ಒರಿಜಿನಲ್ ಬಣ್ಣ

ಶ್ರೀರಂಗಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ನಿವೃತ್ತ ಇಂಜಿನಿಯರಿಗೆ ವಿಕ್ಟೋರಿಯಾ ರಾಣಿಯ ಕಾಲದ ಸೀಸದ ಸಿಪಾಯಿಗಳನ್ನು ಕೂಡಿಹಾಕುವ ಹುಚ್ಚು. ಹೆಬ್ಬೆರಳುದ್ದದ, ಕೆಂಪು ಕೋಟಿನ ಆಟದ ಗೊಂಬೆಗಳು ಅವು. ಬ್ರಿಟಿಷರು ಕೋಟೆ ಒಡೆದು ನುಗ್ಗಿದ ಊರಿನಲ್ಲೇ ಅವರ ದಂಡಿಗೆ ಗಾಜಿನ ಬೀರು ಮಾಡಿಸಿ, ದಿನಾ ಬ್ರಷ್ಷಿನಿಂದ ದೂಳು ತೆಗೆಯುತ್ತಿದ್ದರು. ಯಾರಾದರೂ ಬಗ್ಗಿ ನೋಡಿದರೆ ಎರಡೂ ಕೈ ಅಡ್ಡ ಹಿಡಿದು, "ಮುಟ್ಬೇಡಿ ಕಣ್ರೀ, ಒರಿಜಿನಲ್ ಬಣ್ಣ" ಎನ್ನುವರು. ಮೊಮ್ಮಕ್ಕಳಿಗೂ ಅದೇ ಮಾತು.

ಒಂದು ದಸರೆಯಲ್ಲಿ ಅವರು ಬೆಳಗೊಳದ ನೆಂಟರ ಮನೆಗೆ ಹೋಗಿದ್ದಾಗ ಹೆಂಡತಿ ಗೊಂಬೆ ಕೂರಿಸಿದರು. ಪಟ್ಟದ ಗೊಂಬೆಗಳ ಕಾವಲಿಗೆ ಆ ಸಿಪಾಯಿಗಳನ್ನೇ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಹಣೆಗೂ ಎಣ್ಣೆ ತಾಗಿಸಿ ಕುಂಕುಮ ಇಟ್ಟರು. ಮನೆಗೆ ಬಂದ ಯಜಮಾನರು ಬಾಗಿಲಿನಿಂದಲೇ "ಅಯ್ಯೋ, ಒರಿಜಿನಲ್ ಬಣ್ಣ!" ಎಂದು ಕೂಗಿಕೊಂಡರು.

"ಗೊಂಬೆ ಅಂದ್ಮೇಲೆ ಕುಂಕುಮ ಇಕ್ದೆ ಇರಕಾಯ್ತದಾ?" ಎಂದರು ಆಕೆ.

ಒರೆಸಿದರೆ ಹಳೆಯ ಬಣ್ಣವೂ ಕಿತ್ತು ಬರುತ್ತದೆಂದು ಇಂಜಿನಿಯರು ಮುಟ್ಟಲಿಲ್ಲ. ದಸರೆ ಮುಗಿದ ಮೇಲೆ ಕುಂಕುಮದ ಸಮೇತ ಸಿಪಾಯಿಗಳನ್ನು ಬೀರುವಿಗೆ ಸೇರಿಸಿದರು.

ಮರುತಿಂಗಳು ಇಂಥದೇ ಹುಚ್ಚಿನ ಒಬ್ಬರು ಮೈಸೂರಿನಿಂದ ಬಂದು, ಬೀರುವಿನೊಳಗಿನ ಸಿಪಾಯಿಯ ಹಣೆಯತ್ತ ಬೆರಳು ಚಾಚಿದರು. ನಾನೂ ಅಲ್ಲಿದ್ದೆ.

"ಮುಟ್ಬೇಡಿ ಕಣ್ರೀ," ಎಂದರು ಇಂಜಿನಿಯರು. "ಇದು ಮೈಸೂರು ಪಲ್ಟನ್ನು. ಲಂಡನ್ನಲ್ಲೂ ಇಂಥ ಸೆಟ್ಟಿಲ್ಲ. ಕುಂಕುಮಾನೂ ಒರಿಜಿನಲ್ಲು."